ಫಸ್ಟ್ ಯಾರೂ ಇಲ್ಲದ ಓಟ

ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳನ್ನು ಓಡಿಸುವುದು ಎರಡೇ ಕಾರಣಕ್ಕೆ. ಒಂದು, ಕ್ರೀಡಾಕೂಟಕ್ಕೆ ಹೆಸರು ಕಳಿಸಬೇಕು, ಯಾರು ಜೋರಾಗಿ ಓಡ್ತಾರೆ ಅಂತ ನೋಡಬೇಕು. ಇನ್ನೊಂದು, ಲೇಟಾಗಿ ಬಂದವರಿಗೆ, ಹೋಂವರ್ಕ್ ಮಾಡದವರಿಗೆ, ಪ್ರಾರ್ಥನೆ ಹೊತ್ತಲ್ಲಿ ಕಿಸಕ್ಕಂತ ನಕ್ಕವರಿಗೆ. 'ಹೋಗು, ಗ್ರೌಂಡು ಮೂರು ರೌಂಡು ಹೊಡಿ.' ಅಂದರೆ ಓಟ ಒಂದೋ ಬಹುಮಾನಕ್ಕೆ, ಇಲ್ಲಾ ಶಿಕ್ಷೆಗೆ. ಸುಮ್ನೆ ಓಡುವುದು ಅಂತ ಒಂದಿದೆಯಲ್ಲ, ಅದು ಟೈಂಟೇಬಲ್‌ನಲ್ಲಿ ಎಲ್ಲೂ ಇಲ್ಲ.

ಬಹುಮಾನದ ಓಟದಲ್ಲಿ ಏನಾಗುತ್ತದೆ ನೋಡಿ. ಮೂವತ್ತು ಮಕ್ಕಳ ಕ್ಲಾಸಲ್ಲಿ ಇಬ್ಬರೋ ಮೂವರೋ ವಲಯ ಮಟ್ಟಕ್ಕೆ ಆಯ್ಕೆಯಾಗುತ್ತಾರೆ. ಅವರಿಗೆ ಸಂಜೆ ಪ್ರಾಕ್ಟೀಸು, ಬಾಳೆಹಣ್ಣು, ಹೆಡ್ ಮಾಸ್ಟರ್ (ಎಚ್.ಎಂ.) ಕಡೆಯಿಂದ ಬೆನ್ನು ತಟ್ಟುವಿಕೆ. ಉಳಿದವರು ಚಪ್ಪಾಳೆ ಹೊಡೆಯಲು. ಮೊದಲೇ ಚೆನ್ನಾಗಿ ಓಡುವ ಮಗುವಿಗೆ ಇನ್ನಷ್ಟು ಓಟ, ಓಡಲಾಗದ ಮಗುವಿಗೆ ಕೂರಲು ಜಾಗ. ಪಾಠದಲ್ಲಿ ನಾವು ಹೀಗೆ ಮಾಡುವುದಿಲ್ಲ. ಓದಲು ಬರುವ ಮಗುವಿಗೆ ಮಾತ್ರ ಪುಸ್ತಕ ಕೊಟ್ಟು, ಬಾರದವರಿಗೆ ನೀವು ಕೂತು ನೋಡಿ ಎಂದರೆ ಊರವರು ಸುಮ್ಮನಿರುತ್ತಾರಾ?

ನಾನು ಕಿರಿಯ ಪ್ರಾಥಮಿಕ ತರಗತಿಗಳ ಟೀಚರು. ಓಟಗಾರ್ತಿಯಲ್ಲ, ಪಿ.ಟಿ. ಟೀಚರೂ ಅಲ್ಲ. ಸೀರೆ ಉಟ್ಟು, ಚಪ್ಪಲಿ ಹಾಕಿ, ಮಕ್ಕಳ ಜೊತೆ ಮೈದಾನ ಸುತ್ತುವುದನ್ನು ರೂಢಿ ಮಾಡಿಕೊಂಡವಳು. ಇದರ ಐಡಿಯಾ ನನ್ನದಲ್ಲ, ದೂರದ ಸ್ಕಾಟ್ಲೆಂಡಿನದು. ಮೊದಲು ಅದನ್ನು ಹೇಳಿಬಿಡುತ್ತೇನೆ.

2012ರ ಫೆಬ್ರುವರಿ. ಸ್ಟರ್ಲಿಂಗ್ ಎಂಬ ಊರಿನ ಸೇಂಟ್ ನಿನಿಯನ್ಸ್ ಪ್ರಾಥಮಿಕ ಶಾಲೆ. ಅಲ್ಲಿಗೆ ಸಹಾಯಕ್ಕೆಂದು ಬರುತ್ತಿದ್ದ ವಯಸ್ಸಾದವರೊಬ್ಬರು ಈ ಮಕ್ಕಳ ಮೈಯಲ್ಲಿ ಕಸುವೇ ಇಲ್ಲ ಎಂಬರ್ಥದ ಮಾತಾಡಿದರು. ನಮ್ಮಲ್ಲಾದರೆ 'ಹೌದು ಬಿಡಿ ತಾತ, ಈಗಿನ ಮಕ್ಕಳೇ ಹಾಗೆ' ಎಂದು ಟೀ ಕುಡಿದು ಮರೆಯುತ್ತಿದ್ದೆವು. ಮುಖ್ಯ ಶಿಕ್ಷಕಿ ಎಲೇನ್ ವೈಲಿ ಮರೆಯಲಿಲ್ಲ. ಒಂದು ಕ್ಲಾಸಿನ ಮಕ್ಕಳಿಗೆ ಮೈದಾನ ಸುತ್ತಿ ಬನ್ನಿ ಎಂದು ಹೇಳಿ ನೋಡಿದರು. ಹೆಚ್ಚಿನ ಮಕ್ಕಳಿಗೆ ಒಂದು ಸುತ್ತೂ ನಿಲ್ಲದೆ ಓಡಲು ಆಗಲಿಲ್ಲ. ಅಂದಿನಿಂದ ದಿನಾ 15 ನಿಮಿಷ ಹೊರಗೆ ಹೋಗುವುದು ಎಂದಾಯಿತು. ತಿಂಗಳೊಳಗೆ ಆ ಹೊತ್ತಿನಲ್ಲಿ ಮಕ್ಕಳು ಒಂದು ಮೈಲಿ, ಅಂದರೆ 1.6 ಕಿಲೋಮೀಟರ್ ಓಡುವಷ್ಟಾದರು. ಅದಕ್ಕೇ 'ದಿ ಡೈಲಿ ಮೈಲ್' ಎಂಬ ಹೆಸರು ಬಂತು. ಈಗ ಬೇರೆ ಬೇರೆ ದೇಶಗಳ ಸಾವಿರಾರು ಶಾಲೆಗಳಲ್ಲಿ ಇದು ನಡೆಯುತ್ತದೆ.

ನನಗೆ ಇಷ್ಟವಾಗಿದ್ದು ಇದರಲ್ಲಿ ಏನೇನಿಲ್ಲ ಎಂಬುದು. ಬಟ್ಟೆ ಬದಲಿಸುವುದಿಲ್ಲ, ಯೂನಿಫಾರ್ಮಿನಲ್ಲೇ ಓಡುವುದು. ಸಾಮಾನು ಬೇಡ. ಪಿ.ಟಿ. ಮೇಷ್ಟ್ರು ಬೇಡ, ಕ್ಲಾಸ್ ಟೀಚರೇ ಕರೆದುಕೊಂಡು ಹೋಗುತ್ತಾರೆ. ಯಾವ ಹೊತ್ತಿಗೆ ಎಂಬುದನ್ನೂ ಅವರೇ ನೋಡಿಕೊಳ್ಳುತ್ತಾರೆ. ಮಕ್ಕಳು ಓಡಬಹುದು, ಸುಸ್ತಾದರೆ ನಡೆಯಬಹುದು, ಗೆಳೆಯರ ಜೊತೆ ಹರಟಬಹುದು. ಮೈಲಿ ಮುಗಿಸಲೇಬೇಕು ಅಂತಿಲ್ಲ, 15 ನಿಮಿಷ ಕಳೆದರೆ ಆಯಿತು. ಮುಖ್ಯವಾಗಿ, ಗೆಲ್ಲುವವರಿಲ್ಲ. ಎಲ್ಲರೂ ಒಂದೇ ಹೊತ್ತಿಗೆ ನಿಲ್ಲಿಸುವುದರಿಂದ ಕೊನೆಗೆ ಬಂದವರು ಅಂತಲೂ ಯಾರೂ ಇರುವುದಿಲ್ಲ. ಈ ಸಣ್ಣ ಉಪಾಯ ಹೊಳೆದವರ ತಲೆಗೆ ಒಂದು ನಮಸ್ಕಾರ.

ಇದರಿಂದ ನಿಜಕ್ಕೂ ಉಪಯೋಗ ಇದೆಯಾ? ಇದೆ, ಆದರೆ ಜಾಹೀರಾತಿನವರು ಹೇಳುವಷ್ಟಲ್ಲ. ಸ್ಟರ್ಲಿಂಗ್ ಸುತ್ತಮುತ್ತಲ ಎರಡು ಶಾಲೆಗಳನ್ನು ಹೋಲಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಒಂದು ಶಾಲೆಯಲ್ಲಿ ದಿನಾ ಓಟ, ಇನ್ನೊಂದರಲ್ಲಿ ಇಲ್ಲ. ಒಟ್ಟು 391 ಮಕ್ಕಳು. ಓಡಿದ ಮಕ್ಕಳು ದಿನಕ್ಕೆ ಸುಮಾರು 9 ನಿಮಿಷ ಹೆಚ್ಚು ಚುರುಕಾಗಿ ಓಡಾಡಿದರು, ಕೂತು ಕಳೆಯುವ ಹೊತ್ತು ಸುಮಾರು 18 ನಿಮಿಷ ಕಡಿಮೆಯಾಯಿತು. ಚರ್ಮದಡಿಯ ಕೊಬ್ಬೂ ಸ್ವಲ್ಪ ಇಳಿಯಿತು. ಒಳ್ಳೆಯ ಸುದ್ದಿಯೇ. ಆದರೆ ಎರಡೇ ಶಾಲೆ ನೋಡಿ ಇಡೀ ಲೋಕಕ್ಕೆ ಹೇಳಲಾಗದು. ಬರ್ಮಿಂಗ್‌ಹ್ಯಾಮಿನಲ್ಲಿ 40 ಶಾಲೆಗಳಲ್ಲಿ ದೊಡ್ಡದಾಗಿ ಪರೀಕ್ಷೆ ಮಾಡಿದಾಗ ಮಕ್ಕಳ ತೂಕದ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ 'ಓಡಿಸಿ, ಮಗು ತೆಳ್ಳಗಾಗುತ್ತದೆ' ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ತಿನ್ನುವುದರ ಲೆಕ್ಕ ಬೇರೆಯೇ ಇದೆ.

ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು ಅಧ್ಯಯನ. ಸ್ಟರ್ಲಿಂಗ್ ಮತ್ತು ಎಡಿನ್‌ಬರೋ ವಿಶ್ವವಿದ್ಯಾಲಯದವರು ಬಿ.ಬಿ.ಸಿ. ಜೊತೆ ಸೇರಿ ಬ್ರಿಟನ್ನಿನ 5,000ಕ್ಕೂ ಹೆಚ್ಚು ಶಾಲಾ ಮಕ್ಕಳ ಮೇಲೆ ಮಾಡಿದ್ದು. ಮಕ್ಕಳಿಗೆ ಮೂರು ಬಗೆಯ ಬಿಡುವು ಕೊಟ್ಟರು. ಒಂದರಲ್ಲಿ ಹೊರಗೆ ಸುಮ್ಮನೆ ಕೂರುವುದು ಅಥವಾ ನಿಲ್ಲುವುದು. ಇನ್ನೊಂದರಲ್ಲಿ ಬೀಪ್ ಸದ್ದಿಗೆ ತಕ್ಕಂತೆ ವೇಗ ಹೆಚ್ಚಿಸುತ್ತಾ, ಕೈಲಾಗದೆ ನಿಲ್ಲುವವರೆಗೆ ಓಡುವ ಟೆಸ್ಟು. ಮೂರನೆಯದರಲ್ಲಿ ತಮ್ಮ ಪಾಡಿಗೆ ತಾವು 15 ನಿಮಿಷ ಓಡುವುದು ಅಥವಾ ನಡೆಯುವುದು. ವಾಪಸ್ ಬಂದಾಗ ಮನಸ್ಸು ಹೆಚ್ಚು ಹಗುರ, ತಲೆ ಹೆಚ್ಚು ಚುರುಕು ಆಗಿದ್ದು ಮೂರನೆಯ ಬಗೆಯ ಬಿಡುವಿನ ನಂತರ. ಸುಸ್ತಾಗಿ ಬೀಳುವವರೆಗೆ ಓಡಿದ್ದರಿಂದ ಅಷ್ಟು ಲಾಭ ಸಿಗಲಿಲ್ಲ. ಇದು ಬರಿಯ ಓಟದ ಮಾತಲ್ಲ. ಮಗುವಿನ ಹದವನ್ನು ಮಗುವಿಗೇ ಬಿಟ್ಟಿದ್ದರ ಮಾತು.

ಸರಿ, ಇದನ್ನು ನಮ್ಮ ಕಡೆಯ ಸರ್ಕಾರಿ ಶಾಲೆಗೆ ತಂದರೆ?

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿ ಒಂದು ಪಟ್ಟಿ ಇದೆ. ಶಾಲೆಗೆ ಆಟದ ಮೈದಾನ ಇರಬೇಕು, ಆಟದ ಸಾಮಾನು ಇರಬೇಕು ಎನ್ನುತ್ತದೆ. ಶಿಕ್ಷಕರ ವಿಷಯಕ್ಕೆ ಬಂದರೆ, 6ರಿಂದ 8ನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು. ಅರೆಕಾಲಿಕ! 1ರಿಂದ 5ರವರೆಗೆ ಅದೂ ಇಲ್ಲ. ಅಂದರೆ ಆರು ವರ್ಷದ ಮಗುವಿನಿಂದ ಹತ್ತು ವರ್ಷದ ಮಗುವಿನವರೆಗೆ, ಮೂಳೆ ಬಲಿಯುವ, ಕೂತಲ್ಲಿ ಕೂರಲಾಗದ ವಯಸ್ಸಿನಲ್ಲಿ, ಆಟಕ್ಕೆಂದೇ ಒಬ್ಬರು ಇರಬೇಕೆಂದು ಕಾನೂನೇ ಹೇಳಿಲ್ಲ. ಕೆಲವು ಕಡೆ ಇದ್ದಾರೆ. ಇದ್ದಲ್ಲೂ ಪಿ.ಟಿ. ಮೇಷ್ಟ್ರಿಗೆ ಆಟಕ್ಕಿಂತ ಬೇರೆ ಕೆಲಸವೇ ಜಾಸ್ತಿ. ಆನ್‌ಲೈನ್ ಎಂಟ್ರಿ, ಬಿಸಿಯೂಟದ ಲೆಕ್ಕ, ರಜೆ ಹಾಕಿದವರ ಕ್ಲಾಸು, ಸ್ವಾತಂತ್ರ್ಯ ದಿನದ ಬಾವುಟದ ಹಗ್ಗ. ಗೇಮ್ಸ್ ಪೀರಿಯಡ್ಡೋ, 'ಸಾರ್, ಪೋರ್ಷನ್ ಮುಗಿದಿಲ್ಲ, ಇವತ್ತು ನನಗೆ ಬಿಟ್ಟುಕೊಡಿ' ಎಂದು ಗಣಿತದವರು ಕೇಳಿದರೆ ಮುಗಿಯಿತು. ಗಣಿತದ ಪೀರಿಯಡ್ಡನ್ನು ಆಟಕ್ಕೆ ಬಿಟ್ಟುಕೊಟ್ಟ ಉದಾಹರಣೆ ನಾನಂತೂ ಕೇಳಿಲ್ಲ.

ಹಾಗಂತ ಈ 15 ನಿಮಿಷದ ಓಟ ಪಿ.ಟಿ. ಮೇಷ್ಟ್ರ ಬದಲಿಗೆ ಅಲ್ಲ. ಡೈಲಿ ಮೈಲ್‌ನವರೂ ಇದು ದೈಹಿಕ ಶಿಕ್ಷಣದ ಪಾಠ ಅಲ್ಲ ಎಂದೇ ಹೇಳುತ್ತಾರೆ. ಚೆಂಡು ಹಿಡಿಯುವುದು, ಹಾರುವುದು, ಖೋ ಖೋದಲ್ಲಿ ಸರಕ್ಕನೆ ತಿರುಗುವುದು, ಇವನ್ನೆಲ್ಲ ಕಲಿಸಲು ಗೊತ್ತಿದ್ದವರೇ ಬೇಕು. ನಮ್ಮ ಸರ್ಕಾರಕ್ಕೆ ಇಂಥ ನೆಪ ಸಿಕ್ಕಿದರೆ ಹುದ್ದೆ ತುಂಬುವ ಫೈಲು ಇನ್ನೂ ಕೆಳಗೆ ಹೋಗುತ್ತದೆ ಎಂಬ ಭಯ ನನಗಿದೆ. ಆದರೆ ಹುದ್ದೆ ತುಂಬುವ ತನಕ ಮಕ್ಕಳು ಕಾಯುವುದಿಲ್ಲವಲ್ಲ. ಒಂದನೇ ಕ್ಲಾಸಿನ ಮಗು ಐದು ವರ್ಷದಲ್ಲಿ ಶಾಲೆ ಬಿಟ್ಟು ಹೋಗಿರುತ್ತದೆ.

'ಹಳ್ಳಿ ಮಕ್ಕಳಿಗೆ ಯಾಕಮ್ಮ ಓಟ? ಅವು ಹೊಲದಲ್ಲಿ ಓಡಾಡ್ತವೆ' ಅಂತ ಒಬ್ಬರು ಹಿರಿಯ ಸಹೋದ್ಯೋಗಿ ಹೇಳಿದರು. ಅದು ಹಿಂದಿನ ಮಾತು. ಈಗ ನಮ್ಮ ಊರಿಗೂ ಹಳದಿ ವ್ಯಾನು ಬರುತ್ತದೆ. ಹತ್ತಿರದ ಪೇಟೆಯ ಇಂಗ್ಲಿಷ್ ಮೀಡಿಯಂ ಮಕ್ಕಳನ್ನು ಮನೆ ಬಾಗಿಲಲ್ಲಿ ಹತ್ತಿಸಿಕೊಂಡು ಹೋಗಿ ಮನೆ ಬಾಗಿಲಲ್ಲೇ ಇಳಿಸುತ್ತದೆ. ಸರ್ಕಾರಿ ಶಾಲೆಯ ಮಕ್ಕಳನ್ನೂ ಅಪ್ಪಂದಿರು ಬೈಕಿನಲ್ಲಿ ಬಿಟ್ಟು ಹೋಗುತ್ತಾರೆ. ಸಂಜೆ ಜಗಲಿಯಲ್ಲಿ ಸಾಲಾಗಿ ಕೂತು ಒಂದು ಮೊಬೈಲಿಗೆ ನಾಲ್ಕು ತಲೆ. ಲಗೋರಿ, ಕುಂಟೆಬಿಲ್ಲೆ, ಮರಕೋತಿ ಆಡುವ ಮಕ್ಕಳಿಲ್ಲ ಎಂದಲ್ಲ, ಕಡಿಮೆಯಾಗಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಎನ್ನುತ್ತದೆ. 2019ರಲ್ಲಿ ಅವರೇ ಪ್ರಕಟಿಸಿದ ಲೆಕ್ಕದಂತೆ 11ರಿಂದ 17 ವರ್ಷದವರಲ್ಲಿ ಜಗತ್ತಿನಲ್ಲಿ ನೂರಕ್ಕೆ 81 ಮಂದಿ ಅಷ್ಟು ಮಾಡುವುದಿಲ್ಲ. ಹುಡುಗಿಯರಲ್ಲಿ 85, ಹುಡುಗರಲ್ಲಿ 78. ಆ ವಯಸ್ಸಿಗೆ ಬರುವ ಮೊದಲೇ ರೂಢಿ ಮಾಡಿಸದಿದ್ದರೆ ಆಮೇಲೆ ಯಾರು ಮಾಡಿಸುತ್ತಾರೆ?

ಸ್ಟರ್ಲಿಂಗಿನ ಮಾತನ್ನು ಇಲ್ಲಿಗೆ ತಂದಾಗ ಮೊದಲು ಎದುರಾಗುವುದು ಹೊಟ್ಟೆ. ಅಲ್ಲಿಯವರ ಚಿಂತೆ ಮಕ್ಕಳ ಬೊಜ್ಜು. ನಮ್ಮ ಪೇಟೆಯ ಕೆಲವು ಶಾಲೆಗಳಲ್ಲೂ ಅದೇ ಚಿಂತೆ ಇರಬಹುದು. ನನ್ನ ಕ್ಲಾಸಿನಲ್ಲಿ ಚಿಂತೆ ಬೇರೆ. ಬೆಳಗ್ಗೆ ಏನೂ ತಿನ್ನದೆ ಬರುವ ಮಕ್ಕಳಿದ್ದಾರೆ. ಅಮ್ಮ ಆರಕ್ಕೇ ಗಾರ್ಮೆಂಟ್ಸ್ ಬಸ್ಸು ಹತ್ತಿರುತ್ತಾಳೆ. ಮಗು ರಾತ್ರಿಯ ಅನ್ನ ಇದ್ದರೆ ಉಂಡು, ಇಲ್ಲದಿದ್ದರೆ ಬಿಸ್ಕತ್ತು ನುಂಗಿ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ. ಆ ಮಕ್ಕಳೇ ಮುಂದೆ ನಮ್ಮ ಒಂದನೇ ಕ್ಲಾಸಿಗೆ ಬರುವವರು. ಅಂಥ ಮಗುವನ್ನು 'ಓಡು, ಓಡು' ಎಂದು ಅಟ್ಟಿದರೆ ಅದು ಆರೋಗ್ಯವಲ್ಲ, ಹಿಂಸೆ.

ಹಾಗಾಗಿ ನಮ್ಮಲ್ಲಿ ಹೊತ್ತು ಹೊಂದಿಸುವುದೇ ದೊಡ್ಡ ಕೆಲಸ. ಖಾಲಿ ಹೊಟ್ಟೆಯಲ್ಲಿ ಬೇಡ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಬರುತ್ತಿದೆ. ಒಂದು ಮಗುವಿಗೆ 18 ಗ್ರಾಂ ಪುಡಿಯಿಂದ ಮಾಡಿದ 150 ಮಿಲಿಲೀಟರ್ ಬಿಸಿ ಹಾಲು. ಅದನ್ನು ಕುಡಿದ ಕೂಡಲೇ ಓಡಿದರೂ ಕಷ್ಟ, ಪಕ್ಕೆ ಹಿಡಿಯುತ್ತದೆ, ಕೆಲವರು ಕಕ್ಕಿಬಿಡುತ್ತಾರೆ. ಊಟದ ನಂತರ ಅಂತೂ ಬೇಡವೇ ಬೇಡ. ಹಾಲು ಕುಡಿದು ಒಂದು ಪೀರಿಯಡ್ ಪಾಠ ಆದ ಮೇಲೆ, ಬಿಸಿಲು ನೆತ್ತಿಗೆ ಬರುವ ಮೊದಲು ಒಂದು ಸಂದು ಸಿಗುತ್ತದೆ. ಜೂನ್‌ನಿಂದ ಜನವರಿಯವರೆಗೆ ನಮಗೆ ಅದು ಸರಿಹೋಗುತ್ತದೆ. ಮಾರ್ಚಿನಲ್ಲಿ ಆಗುವುದಿಲ್ಲ. ರಾಯಚೂರು, ಕಲಬುರಗಿ ಕಡೆಯ ಟೀಚರುಗಳು ಈ ಲೆಕ್ಕ ಕೇಳಿದರೆ ನಕ್ಕಾರು. ಅಲ್ಲಿ ಫೆಬ್ರುವರಿಯಿಂದಲೇ ಬೇರೆ ಹೊತ್ತು ನೋಡಬೇಕು.

ಇಲ್ಲೇ ನನಗೆ ಎದುರು ನೋಡದ ಒಂದು ಲಾಭವೂ ಸಿಕ್ಕಿತು. ದಿನಾ ಜೊತೆಗೆ ಸುತ್ತುವಾಗ ಯಾವ ಮಗುವಿಗೆ ಏನು ತೊಂದರೆ ಅಂತ ತಾನಾಗಿ ಗೊತ್ತಾಗುತ್ತದೆ. ಬೆಂಚಿನಲ್ಲಿ ಕೂತಾಗ ಎಲ್ಲ ಮಕ್ಕಳೂ ಒಂದೇ ಥರ ಕಾಣುತ್ತಾರೆ. ಅರ್ಧ ಸುತ್ತಿಗೇ ಏದುಸಿರು ಬಿಟ್ಟು ಕೂರುವ ಮಗು ಸೋಮಾರಿ ಇರಲಿಕ್ಕಿಲ್ಲ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬಿಳಿಚಿಕೊಂಡಿರುತ್ತದೆ. ವಾರಕ್ಕೊಂದು ಕೊಡುವ ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಅದು ನುಂಗದೆ ಕಿಟಕಿಯಿಂದ ಆಚೆ ಎಸೆಯುತ್ತಿತ್ತು ಅಂತ ಆಮೇಲೆ ತಿಳಿಯುತ್ತದೆ. ಇನ್ನೊಂದು ಮಗುವಿಗೆ ಓಡಿದಾಗ ಎದೆಯಲ್ಲಿ ಸುಯ್ ಸುಯ್. ಮತ್ತೊಂದು ಮಗುವಿನ ಶೂ ಎರಡು ಸೈಜು ಚಿಕ್ಕದು. ಶಾಲೆಗೆ ಆರೋಗ್ಯ ತಪಾಸಣೆಯ ತಂಡ ಬಂದಾಗ, ಮೊದಲು ನೋಡಬೇಕಾದವರ ಹೆಸರು ನನ್ನ ಬಾಯಲ್ಲೇ ಇರುತ್ತದೆ.

ಶೂ ವಿಷಯಕ್ಕೆ ಬಂದೆ. ಸರ್ಕಾರ ಶೂ, ಸಾಕ್ಸು ಕೊಡುತ್ತದೆ, ಸಂತೋಷ. ಮಕ್ಕಳ ಕಾಲು ಬೆಳೆಯುವ ವೇಗಕ್ಕೆ ಡಿಸೆಂಬರ್ ಹೊತ್ತಿಗೆ ಅದು ಹಿಡಿಯುತ್ತದೆ, ಇಲ್ಲಾ ಬಾಯಿ ಬಿಡುತ್ತದೆ. ಅರ್ಧ ಮಕ್ಕಳು ಬರಿಗಾಲಲ್ಲೇ ಓಡುವುದು. ಮಣ್ಣಿನ ನೆಲದಲ್ಲಿ ಬರಿಗಾಲು ತಪ್ಪೇನಲ್ಲ. ಮುಳ್ಳು ಮತ್ತು ಗಾಜು ಇಲ್ಲದಿದ್ದರೆ ಸಾಕು. ಶಾಲೆಯ ಕಾಂಪೌಂಡು ಮುರಿದಿರುವ ಯಾವ ಊರಿನ ಟೀಚರನ್ನಾದರೂ ಕೇಳಿ, ಸೋಮವಾರ ಬೆಳಗ್ಗೆ ಮೈದಾನದಲ್ಲಿ ಏನು ಸಿಗುತ್ತದೆ ಅಂತ. ಬಾಟಲಿ ಚೂರು, ಪ್ಲಾಸ್ಟಿಕ್ ಲೋಟ, ಸಿಗರೇಟಿನ ತುಂಡು. ಈ ವಿಷಯವನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಎತ್ತಿದಾಗ ಒಂದಿಬ್ಬರು ನೆಲ ನೋಡಿದರು. ಯಾರೆಂದು ಇಲ್ಲಿ ಬರೆಯುವುದಿಲ್ಲ. ಆಮೇಲೆ ಚೂರುಗಳು ಕಡಿಮೆಯಾದವು.

ಇನ್ನು ಮೈದಾನ. ನಮ್ಮದರಲ್ಲಿ ಒಂದು ಮೂಲೆಗೆ ಅಂಗನವಾಡಿ ಬಂತು, ಇನ್ನೊಂದು ಮೂಲೆಗೆ ಅಡುಗೆ ಕೋಣೆ, ನಡುವೆ ನೀರಿನ ಟ್ಯಾಂಕು. ಸುಗ್ಗಿಯಲ್ಲಿ ಯಾರಾದರೂ ರಾಗಿ ಹರಡಿರುತ್ತಾರೆ, ಗಣೇಶನ ಹಬ್ಬಕ್ಕೆ ಶಾಮಿಯಾನ. ಉಳಿದಿದ್ದು ಅಂಕುಡೊಂಕಾದ ಒಂದು ದಾರಿ. ಅದನ್ನೇ ಸುತ್ತುವುದು. ದಾರಿ ಚಿಕ್ಕದಾದಷ್ಟೂ ಸುತ್ತು ಜಾಸ್ತಿ, ಮಕ್ಕಳಿಗೆ ತಲೆ ತಿರುಗದಿರಲಿ ಎಂದು ಒಂದು ದಿನ ಬಲಕ್ಕೆ, ಒಂದು ದಿನ ಎಡಕ್ಕೆ. ಮಳೆಗಾಲದಲ್ಲಿ ಕೆಸರು. ಜಾರಿ ಬಿದ್ದರೆ ಯೂನಿಫಾರ್ಮ್ ಒಗೆಯುವ ಅಮ್ಮಂದಿರು ನನ್ನನ್ನೇ ಬೈಯುವುದು. ಅಂಥ ದಿನ ವರಾಂಡದಲ್ಲೇ ನಿಂತಲ್ಲೇ ಕುಣಿತ.

ಹುಡುಗಿಯರ ಮಾತನ್ನು ಹೇಳಲೇಬೇಕು. ಯಾವ ಶಾಲೆಯ ಇಂಟರ್ವಲ್‌ನಲ್ಲಾದರೂ ನಿಂತು ನೋಡಿ. ಮೈದಾನದ ನಡುವೆ ಹುಡುಗರ ಕ್ರಿಕೆಟ್ಟು. ಹುಡುಗಿಯರು ಗೋಡೆ ಪಕ್ಕ, ಮರದ ಕೆಳಗೆ, ಮೆಟ್ಟಿಲ ಮೇಲೆ. ಹೀಗೆ ಕೂತುಕೊಳ್ಳಿ ಅಂತ ಅವರಿಗೆ ಯಾರೂ ಹೇಳಿಲ್ಲ, ಆದರೆ ಮೂರನೇ ಕ್ಲಾಸಿಗೇ ಅವರು ಕಲಿತಿರುತ್ತಾರೆ. ಎಲ್ಲರೂ ಒಂದೇ ಹೊತ್ತಿಗೆ ಒಂದೇ ದಾರಿ ಸುತ್ತಲು ಶುರು ಮಾಡಿದ ಮೇಲೆ ಮೈದಾನದ ಆ ತುದಿ ಈ ತುದಿ ಹುಡುಗಿಯರ ಕಾಲಿಗೂ ಪರಿಚಯವಾಯಿತು. ಕೈ ಕೈ ಹಿಡಿದು, ಬಿಡುವಿಲ್ಲದೆ ಮಾತಾಡುತ್ತಾ ಓಡುತ್ತಾರೆ. ಬರ್ಮಿಂಗ್‌ಹ್ಯಾಮಿನ ಆ ದೊಡ್ಡ ಅಧ್ಯಯನದಲ್ಲೂ ಸ್ವಲ್ಪ ಹೆಚ್ಚಿನ ಪರಿಣಾಮ ಕಂಡಿದ್ದು ಹುಡುಗಿಯರಲ್ಲೇ. ನಾಲ್ಕನೇ ಕ್ಲಾಸಿನ ಒಬ್ಬಳ ಅಜ್ಜಿ ಗೇಟಿನ ಹತ್ತಿರ ನಿಂತು ಕೇಳಿದರು, 'ಹೆಣ್ ಹುಡ್ಗೀನ ಹಿಂಗ್ ಓಡುಸ್ತೀರಲ್ಲ ಮೇಡಂ, ಬಿದ್ದು ಕೈಕಾಲು ಮುರ್ಕೊಂಡ್ರೆ?' 'ಗಂಡ್ ಹುಡ್ಗ ಬಿದ್ರೂ ಮುರಿಯುತ್ತೆ ಅಜ್ಜಿ' ಎಂದೆ. ಒಪ್ಪಿದರೋ ಬಿಟ್ಟರೋ, ಮೊಮ್ಮಗಳಂತೂ ನಿಲ್ಲಿಸಲಿಲ್ಲ.

ಮೊದಮೊದಲು ಮಕ್ಕಳು ಕೇಳುತ್ತಿದ್ದ ಪ್ರಶ್ನೆ ಒಂದೇ. 'ಮಿಸ್, ಫಸ್ಟ್ ಯಾರು?' ಯಾರೂ ಇಲ್ಲ ಎಂದರೆ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ. ದೊಡ್ಡವರಿಗೂ ಅಷ್ಟೇ. 'ಹೀಗೆ ಓಡಿಸ್ತಾ ಇದ್ರೆ ಇನ್ನೊಬ್ಬಳು ಅಶ್ವಿನಿ ಅಕ್ಕುಂಜಿ ಸಿಗಬಹುದು ಮೇಡಂ' ಎಂದು ಎಸ್‌ಡಿಎಂಸಿ ಅಧ್ಯಕ್ಷರು ಹುರಿದುಂಬಿಸಿದರು. ಉಡುಪಿ ಜಿಲ್ಲೆಯ ಆ ಹುಡುಗಿ 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಗೆದ್ದಾಗ ನಾನೂ ಟಿ.ವಿ. ಮುಂದೆ ಕುಣಿದವಳೇ. ಆದರೆ ಒಬ್ಬ ಅಶ್ವಿನಿಯನ್ನು ಹುಡುಕುವುದಕ್ಕೆ ಬೇರೆ ವ್ಯವಸ್ಥೆ ಇದೆ. ಕ್ರೀಡಾ ಹಾಸ್ಟೆಲ್ಲುಗಳಿವೆ, ಖೇಲೋ ಇಂಡಿಯಾ ಇದೆ. ಎಂದೂ ಅಶ್ವಿನಿ ಆಗದ ಇಪ್ಪತ್ತೊಂಬತ್ತು ಮಕ್ಕಳಿಗೆ ಏನಿದೆ? ನಲವತ್ತು ವರ್ಷಕ್ಕೆ ಶುಗರ್ರು, ಬಿ.ಪಿ. ಅಂತ ಆಸ್ಪತ್ರೆಯ ಕ್ಯೂನಲ್ಲಿ ನಿಲ್ಲುವವರು ಅವರೇ ತಾನೆ?

ನನಗಿರುವ ಇನ್ನೊಂದು ಭಯ, ಇದು ಮೇಲಿನವರ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎಂಬುದು. ಮೊದಲು ಸುತ್ತೋಲೆ ಬರುತ್ತದೆ. ಆಮೇಲೆ ಇದಕ್ಕೊಂದು ಚೆಂದದ ಹೆಸರು, ಹೆಸರಿಗೊಂದು ಬ್ಯಾನರು. ದಿನಾ ಫೋಟೋ ತೆಗೆದು ಗ್ರೂಪಿಗೆ ಹಾಕಬೇಕು. ಯಾವ ಮಗು ಎಷ್ಟು ಸುತ್ತು ಎಂದು ರಿಜಿಸ್ಟರ್ ಇಡಬೇಕು. 2019ರಲ್ಲಿ ಫಿಟ್ ಇಂಡಿಯಾ ಶುರುವಾದ ಮೇಲೆ ಶಾಲೆಗಳಿಗೆ ಧ್ವಜ, 3 ಸ್ಟಾರ್, 5 ಸ್ಟಾರ್ ಅಂತ ಬಂತು. ಉದ್ದೇಶ ಒಳ್ಳೆಯದೇ. ಆದರೆ ಸ್ಟಾರು ಬಂದಲ್ಲಿ ದಾಖಲೆ ಬರುತ್ತದೆ, ದಾಖಲೆ ಬಂದಲ್ಲಿ 15 ನಿಮಿಷದಲ್ಲಿ 10 ನಿಮಿಷ ಬರೆಯುವುದಕ್ಕೇ ಹೋಗುತ್ತದೆ.

ಹೊತ್ತಿನ ಮಾತು ಬಂತಲ್ಲ, ಅದನ್ನು ನೇರವಾಗಿಯೇ ಲೆಕ್ಕ ಹಾಕೋಣ. 1ರಿಂದ 5ನೇ ತರಗತಿಗೆ ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ. ದಿನಾ 15 ನಿಮಿಷ ಎಂದರೆ ವರ್ಷಕ್ಕೆ 50 ಗಂಟೆ. ಇದು ಸಣ್ಣ ಬಾಬತ್ತಲ್ಲ, ಆರೇಳು ಪಾಠ ಮುಗಿಸುವಷ್ಟು ಹೊತ್ತು. ಐದನೇ ಕ್ಲಾಸಿನ ಟೀಚರು ಈ ಲೆಕ್ಕ ಮುಂದಿಟ್ಟಾಗ ನನ್ನ ಬಳಿ ಥಟ್ಟನೆ ಉತ್ತರ ಇರಲಿಲ್ಲ. ಈಗ ಹೇಳುವುದಿಷ್ಟು. ಓಡಿ ಬಂದು, ಮುಖ ತೊಳೆದು, ನೀರು ಕುಡಿದು ಕೂತ ಮೇಲಿನ ಅರ್ಧ ಗಂಟೆಯಲ್ಲಿ ನಾನು ಹಿಡಿದ ಪಾಠ ಓಡುತ್ತದೆ. 'ಸುಮ್ನಿರಿ, ಕೈ ಕಟ್ಟಿ, ಬಾಯಿ ಮೇಲೆ ಬೆರಳು' ಎಂದು ಕೂಗುವುದರಲ್ಲಿ ಹೋಗುತ್ತಿದ್ದ ಹೊತ್ತು ಉಳಿಯುತ್ತದೆ. ಅದು ಪೂರ್ತಿ 50 ಗಂಟೆಯನ್ನು ವಾಪಸ್ ಕೊಡುತ್ತದೆ ಅಂತ ಹೇಳಲಾರೆ. ಕೊಡದಿದ್ದರೂ ಪರವಾಗಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಮಗು ಶಾಲೆಗೆ ಬರೀ ತಲೆ ತೆಗೆದುಕೊಂಡು ಬರುವುದಿಲ್ಲ, ಮೈಯನ್ನೂ ತರುತ್ತದೆ.

ಐದನೇ ಕ್ಲಾಸಿನ ಟೀಚರು ಅರ್ಧ ಒಪ್ಪಿದ್ದಾರೆ. ಅರ್ಧವಾರ್ಷಿಕ ಪರೀಕ್ಷೆ ಮುಗಿಯಲಿ, ನೋಡೋಣ ಅಂದಿದ್ದಾರೆ. ಎಚ್.ಎಂ. ಸರ್ ಮಾತ್ರ ಪೂರ್ತಿ ಖುಷಿಯಲ್ಲಿದ್ದಾರೆ. ವರ್ಷದ ಕೊನೆಗೆ, ದಿನಾ ಓಡಿದ ಮಕ್ಕಳಿಗೆಲ್ಲ ಒಂದು ರೇಸ್ ಇಟ್ಟು ಫಸ್ಟ್, ಸೆಕೆಂಡ್, ಥರ್ಡ್ ಪ್ರೈಜ್ ಕೊಡೋಣ, ಪಂಚಾಯ್ತಿ ಅಧ್ಯಕ್ಷರನ್ನು ಕರೆಸೋಣ ಎನ್ನುತ್ತಿದ್ದಾರೆ. ಬೇಡ ಸರ್, ಎಲ್ಲರಿಗೂ ಒಂದೊಂದು ಜೊತೆ ಸಾಕ್ಸು ಕೊಡಿಸಿ ಎಂದಿದ್ದೇನೆ. ಮಾತುಕತೆ ಇನ್ನೂ ನಡೆಯುತ್ತಿದೆ.